ಯಾರ ಸಾವಿಗೆ ಈ ಬೆಳ್ಳಿ

ಕುಟ್ಟಾಣಿಯ ಸದ್ದು ನಮ್ಮ ತೆಂಗ್ಕೆರಾ ಬೀದಿಯಲ್ಲಿ ಮನೆಯೊಳಗೇ ಉಳಿಯುವುದಿಲ್ಲ. ಮನೆಗೂ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅಡುಗೆಮನೆಗಳ ಹಿಂದೆ ಸಮುದ್ರ. ಬೆಳಿಗ್ಗೆ ಮೆಣಸಿನಕಾಯಿಗೆ ಹುದುಗಿಸಿದ ಸೀಗಡಿಯ ಬೆಲಚಾನ್ ಮುದ್ದೆ ಸೇರಿಸಿ ಯಾರು ಕುಟ್ಟುತ್ತಿದ್ದಾರೆ, ಮನಸ್ಸಿಟ್ಟು ಕುಟ್ಟುತ್ತಿದ್ದಾರೋ ಯಾರ ಮೇಲಿನ ಸಿಟ್ಟನ್ನೋ ಕಲ್ಲಿನ ಮೇಲೆ ತೀರಿಸಿಕೊಳ್ಳುತ್ತಿದ್ದಾರೋ ಎಂಬುದು ಕೂತಲ್ಲಿಗೇ ತಿಳಿಯುತ್ತದೆ. ಹಿಂದೆ ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಅವಳ ಕುಟ್ಟಾಣಿಗೆ ಕಿವಿಗೊಡುತ್ತಿದ್ದರಂತೆ.

ಪಕ್ಕದ ಮನೆಯ ಚಿಮ್ ನಿಯೋ ಕುಟ್ಟುವಾಗ ಎರಡು ಗಟ್ಟಿ ಏಟು ಬಿದ್ದು ಆಮೇಲೆ ಒಂದು ಮೆತ್ತನೆಯ ಏಟು ಬೀಳುತ್ತಿತ್ತು. ನಾನು ಹುಟ್ಟಿದಾಗಿನಿಂದ ಕೇಳಿದ ತಾಳ ಅದು. ನನ್ನ ಅಜ್ಜ ತೀರಿಕೊಂಡ ವಾರದಿಂದ ಆ ತಾಳ ಕೆಟ್ಟಿತು. ಮೆತ್ತನೆಯ ಏಟಿನ ನಂತರ ಒಂದು ಮೌನ. ಕುಟ್ಟುವವಳು ಕೈ ತಡೆದು ಕೂತಂತೆ.

"ಕೇಳಿಸ್ತಾ? ನಿಲ್ಲಿಸಿದ್ಲು ನೋಡು," ಎನ್ನುತ್ತಿದ್ದಳು ಅಜ್ಜಿ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ. "ಅಳ್ತಿದಾಳೆ. ಸತ್ತಿದ್ದು ನನ್ನ ಗಂಡ. ಅವಳಿಗೇನು ಅಳು?"

ಅಜ್ಜಿಯ ಅನುಮಾನ ಹುಟ್ಟಿದ್ದು ಸದ್ದಿನಿಂದಲ್ಲ, ಚಿಮ್ ನಿಯೋಳ ಎದೆಯ ಮೇಲಿನ ಪಿನ್ನುಗಳಿಂದ. ಗುಂಡಿಯಿಲ್ಲದ ನಮ್ಮ ಉದ್ದಂಗಿಯನ್ನು ಮುಂದೆ ಹಿಡಿದಿಡಲು ಮೂರು ಪಿನ್ನು ಬೇಕು. ಮೇಲಿನ ದೊಡ್ಡದನ್ನು ತಾಯಿ ಎನ್ನುತ್ತೇವೆ, ಕೆಳಗಿನ ಎರಡನ್ನು ಮಕ್ಕಳು. ಅವು ಚಿನ್ನದವು, ವಜ್ರ ಕೂರಿಸಿದವು. ಮನೆಯಲ್ಲಿ ಸಾವಾದರೆ ಮಾತ್ರ ಚಿನ್ನ ಪೆಟ್ಟಿಗೆ ಸೇರುತ್ತದೆ. ಮೂರು ವರ್ಷ ಕಳೆದು, ದೇವರ ಮುಂದೆ ಶೋಕ ಬಿಡುವವರೆಗೂ ಬೆಳ್ಳಿ, ಬೆಳ್ಳಿಯಲ್ಲಿ ಕೂರಿಸಿದ ಮುತ್ತು. ಬೇರೆ ಹರಳು ಸಲ್ಲದು. ಮುತ್ತೆಂದರೆ ಕಣ್ಣೀರು.

ಅಜ್ಜನ ಹೆಣ ಎತ್ತಿದ ದಿನ ಚಿಮ್ ನಿಯೋ ಬೆಳ್ಳಿಯಲ್ಲಿ ಬಂದಿದ್ದಳು. ಅದರಲ್ಲಿ ತಪ್ಪೇನಿಲ್ಲ, ನೆರೆಹೊರೆಯವರೆಲ್ಲ ಹಾಗೇ ಬರುತ್ತಾರೆ. ಮರುದಿನ ಎಲ್ಲರೂ ಬೆಳ್ಳಿ ಕಳಚಿದರು. ಅವಳು ಕಳಚಲಿಲ್ಲ. ತಿಂಗಳಾಯಿತು, ಹೊಸ ವರ್ಷ ಬಂದು ಹೋಯಿತು, ಆಗಲೂ ಕಳಚಲಿಲ್ಲ. ಕಪ್ಪು ಬಟ್ಟೆಯನ್ನೂ ಉಡಲಿಲ್ಲ. ಯಾವಾಗಿನ ಕಂದು ಅಂಗಿ, ಅದರ ಮೇಲೆ ಶೋಕದ ಬೆಳ್ಳಿ.

"ಕಪ್ಪು ಉಡೋ ಹಕ್ಕು ಹೆಂಡ್ತಿಗೆ ಮಾತ್ರ," ಎಂದು ಅರ್ಥ ಹೇಳಿದಳು ಮೀನು ಮಾರುವ ಹೆಂಗಸು. "ಅದಕ್ಕೇ ಪಾಪ, ಪಿನ್ನು ಚುಚ್ಕೊಂಡು ಸಮಾಧಾನ ಮಾಡ್ಕೋತಿದಾಳೆ."

"ಈ ಬೀದೀಲಿ ನನ್ನ ಗಂಡನಿಗೆ ಹೆಂಡ್ರು ಎಷ್ಟು ಜನ ಅಂತ ಯಾರಾದ್ರೂ ಎಣಿಸಿ ಹೇಳ್ರಮ್ಮ," ಎಂದಳು ಅಜ್ಜಿ. ಚೆರ್ಕಿ ಆಟದ ಇಸ್ಪೀಟೆಲೆಗಳನ್ನು ಹಿಡಿದು ಸುತ್ತ ಕೂತಿದ್ದ ಹೆಂಗಸರು ನಕ್ಕರು. ಅಜ್ಜಿ ನಗಲಿಲ್ಲ.

ಅವಳು ನಗದಿರಲು ಕಾರಣವಿತ್ತು. ಚಿಮ್ ನಿಯೋ ಹದಿಹರೆಯದಲ್ಲಿದ್ದಾಗ ಅವಳಿಗೆ ಮೊದಲು ನಿಶ್ಚಯವಾಗಿದ್ದ ಗಂಡು ನನ್ನ ಅಜ್ಜನೇ. ಅಷ್ಟರಲ್ಲಿ ಅವಳ ಅಪ್ಪ ತೀರಿಕೊಂಡರು. ತಾಯಿ ಬೆಳ್ಳಿ ಚುಚ್ಚಿಕೊಂಡಳು. ಶೋಕದ ಮನೆಯಲ್ಲಿ ಮದುವೆ ನಡೆಯುವುದಿಲ್ಲ. ಗಂಡಿನ ಕಡೆಯವರು ಒಂದು ವರ್ಷ ಕಾದರು, ಎರಡನೆಯ ವರ್ಷ ಕೆಮ್ಮಿದರು, ಮೂರನೆಯ ವರ್ಷ ನನ್ನ ಅಜ್ಜಿಯನ್ನು ತಂದುಕೊಂಡರು. ತಾಯಿ ಬೆಳ್ಳಿ ಕಳಚುವ ಹೊತ್ತಿಗೆ ಗೋಡೆಯಾಚೆಯಿಂದ ಕೂಸಿನ ಅಳು ಕೇಳುತ್ತಿತ್ತು. ಆ ಕೂಸು ನನ್ನ ಅಪ್ಪ. ಚಿಮ್ ನಿಯೋಳಿಗೆ ಮತ್ತೆ ಗಂಡು ಹುಡುಕಿದರೋ ಇಲ್ಲವೋ ಗೊತ್ತಿಲ್ಲ. ಅವಳು ತಮ್ಮನನ್ನು ಸಾಕಿದಳು, ತಮ್ಮನ ಮಗಳನ್ನು ಸಾಕಿ ಅವಳ ಬಾಯಲ್ಲಿ 'ಆಕೋ', ಎಂದರೆ ಸೋದರತ್ತೆ, ಆದಳು, ಮಣಿ ಚಪ್ಪಲಿ ಹೊಲಿದು ಕಣ್ಣು ಮಂಜು ಮಾಡಿಕೊಂಡಳು. ಅಜ್ಜಿಗೂ ಅವಳಿಗೂ ಒಂದೇ ವಯಸ್ಸು. ಆದರೂ ಅಜ್ಜಿಯನ್ನು ಅವಳು 'ಬೀಬಿಕ್' ಎಂದೇ ಕರೆಯುತ್ತಿದ್ದಳು, ಮುದುಕಿಯರನ್ನು ಕರೆಯುವ ಹಾಗೆ. ಅದು ಮರ್ಯಾದೆಯೋ ಚುಚ್ಚುಮಾತೋ ಎಂದು ಅಜ್ಜಿಗೆ ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಈಗ ಚಿಮ್ ನಿಯೋಳ ಎದೆಯ ಮೇಲಿದ್ದದ್ದು ಅದೇ ಬೆಳ್ಳಿ, ಅವಳ ತಾಯಿಯದು. ಮೇಲಿನ ದೊಡ್ಡ ಪಿನ್ನಿನಲ್ಲಿ ಒಂದು ಹಕ್ಕಿ. ಅದರ ರೆಕ್ಕೆಯ ತುದಿಯ ಮುತ್ತು ಎಂದೋ ಉದುರಿ, ಆ ಜಾಗದಲ್ಲಿ ಚಪ್ಪಲಿಗೆ ಹೊಲಿಯುವ ಬಿಳಿ ಮಣಿಯೊಂದನ್ನು ಕೂರಿಸಿದ್ದರು. ಚಿಕ್ಕವಳಿದ್ದಾಗ ಒಮ್ಮೆ ಯಾವುದೋ ಸಾವಿನ ಮನೆಯಲ್ಲಿ ನಾನು ಅದನ್ನು ಮುಟ್ಟಲು ಹೋಗಿ ಅವಳಿಂದ ಬೈಸಿಕೊಂಡಿದ್ದೆ. "ಮುಟ್ಬೇಡ, ತಣ್ಣಗಿರುತ್ತೆ," ಎಂದಿದ್ದಳು. ತಣ್ಣಗಿದ್ದರೇನು ಎಂದು ನಾನು ಕೇಳಲಿಲ್ಲ.

ಬೀದಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಅದನ್ನು ಆಮೇಲೆ ಅವಳೇ ನನಗೆ ಹೇಳಿದಳು. ಹೆಣ ಎತ್ತಿದ ಸಂಜೆ ಬೆಳ್ಳಿ ಕಳಚಿಡಲು ಅವಳು ಪೆಟ್ಟಿಗೆ ತೆರೆದಾಗ ಚಿನ್ನದ ಮೂರು ಪಿನ್ನೂ ಅಲ್ಲಿರಲಿಲ್ಲ. ಯುದ್ಧದಲ್ಲಿ ಜಪಾನಿಯರು ಊರು ಹಿಡಿದಿದ್ದ ಕಾಲದಲ್ಲಿ ಬಾವಿಕಟ್ಟೆಯ ಕೆಳಗೆ ಹೂತಿಟ್ಟು ಉಳಿಸಿಕೊಂಡ ಚಿನ್ನ ಅದು. ಅದರ ಮೇಲೆ ಒಂದು ಮಾತೂ ಇತ್ತು. ತಮ್ಮನ ಮಗಳು ಸುವಾನ್‌ಳ ಮದುವೆಗೆ ಆ ಪಿನ್ನು ಹಾಕಿಸುವುದಾಗಿ ಅವಳು ಗಂಡಿನ ಅಜ್ಜಿಯ ಎದುರು ಭಾಷೆ ಕೊಟ್ಟಿದ್ದಳು. ಬೀಗ ಒಡೆದಿರಲಿಲ್ಲ. ಬೀಗದಕೈ ಎಲ್ಲಿರುತ್ತದೆಂದು ಗೊತ್ತಿದ್ದವರು ಮನೆಯವರೇ. ತಮ್ಮ ಟೆಕ್ ಲೊಂಗ್, ಅವನ ಹೆಂಡತಿ ಬೀ ಟಿನ್, ಸುವಾನ್, ಅಡುಗೆಯ ಮುದುಕಿ.

ಕಳುವಾಗಿದೆ ಎಂದು ಕೂಗಿದರೆ ಗಂಡಿನ ಮನೆಗೆ ಕೇಳಿಸುತ್ತದೆ. ಮನೆಯೊಳಗೇ ಕಳ್ಳರಿರುವಲ್ಲಿಂದ ಯಾರು ಹೆಣ್ಣು ತರುತ್ತಾರೆ? ಕೂಗದಿದ್ದರೆ, ಬೆಳ್ಳಿ ಕಳಚಿದ ಮರುದಿನವೇ "ಚಿನ್ನ ಎಲ್ಲಿ?" ಎಂದು ಬೀ ಟಿನ್ ಕೇಳುತ್ತಾಳೆ. ಅದಕ್ಕೇ ಚಿಮ್ ನಿಯೋ ಬೆಳ್ಳಿ ಕಳಚಲಿಲ್ಲ. ಶೋಕದಲ್ಲಿರುವವಳ ಚಿನ್ನ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

"ಮೊದಮೊದಲು ಮುಚ್ಚಿಡೋಕೆ ಹಾಕ್ಕೊಂಡೆ," ಎಂದಳು ಅವಳು, ಸೂಜಿಗೆ ಮಣಿ ಏರಿಸುತ್ತ. "ಆಮೇಲೆ ಹೊಳೀತು. ಇದು ಗಾಳ. ಮನೇಲಿ ಯಾರೂ ಸಾಯದೆ ಬೆಳ್ಳಿ ಹಾಕಿದ್ರೆ ಯಾರಿಗಾದ್ರೂ ಕುತೂಹಲ ಆಗೇ ಆಗುತ್ತೆ. ಯಾಕೆ ಅಂತ ಕೇಳೇ ಕೇಳ್ತಾರೆ. ಕೇಳದೆ ಇರೋರು ಯಾರು ಹೇಳು?"

ಪೆಟ್ಟಿಗೆಯಲ್ಲಿ ಚಿನ್ನ ಇಲ್ಲವೆಂದು ಗೊತ್ತಿರುವವರು.

ಹೀಗೆ ಬೀದಿ ಅವಳನ್ನು ಅನುಮಾನಿಸಿತು, ಅವಳು ಮನೆಯನ್ನು ಅನುಮಾನಿಸಿದಳು. ಕುಟ್ಟಾಣಿಯ ನಡುವಿನ ಮೌನ ಅಳುವಲ್ಲ. ಒಳಕೋಣೆಯಲ್ಲಿ ಯಾರು ಯಾರ ಹತ್ತಿರ ಪಿಸುಗುಡುತ್ತಿದ್ದಾರೆ ಎಂದು ಕೈ ತಡೆದು ಕೇಳುತ್ತಿದ್ದಳು. ಟೆಕ್ ಲೊಂಗ್ ಹೊಸ ಬೂಟು ಕೊಂಡರೆ ಆ ಬೂಟನ್ನೇ ದಿಟ್ಟಿಸುತ್ತಿದ್ದಳು. ಒಗೆಯುವ ನೆಪದಲ್ಲಿ ಅವನ ಅಂಗಿಯ ಜೇಬು ತಡವಿ ಅಡವಿನಂಗಡಿಯ ಚೀಟಿ ಹುಡುಕಿದಳು. ಅಡುಗೆಯ ಮುದುಕಿ ಮಗನ ಮನೆಗೆ ಹೊರಟರೆ ಅವಳ ಗಂಟನ್ನು ತಾನೇ ಕಟ್ಟಿಕೊಟ್ಟಳು, ಒಳಗೇನಿದೆ ಎಂದು ನೋಡಲು. ಅನ್ನ ಬಡಿಸುವಾಗಲೂ ಎಲ್ಲರ ಕೈಗಳನ್ನು ನೋಡುತ್ತಿದ್ದಳಂತೆ. ಒಂದು ತುತ್ತೂ ರುಚಿಸುತ್ತಿರಲಿಲ್ಲವಂತೆ.

ಅದಕ್ಕೆ ಬೆಲೆಯೂ ತೆತ್ತಳು. ಶೋಕದ ಬೆಳ್ಳಿ ತೊಟ್ಟವಳ ಕೈಯಲ್ಲಿ ಮದುವೆಯ ಚಪ್ಪಲಿ ಯಾರು ಹೊಲಿಸುತ್ತಾರೆ? ಕೆಂಪು, ಗುಲಾಬಿ ಮಣಿಗಳ ಕೆಲಸ ನಿಂತುಹೋಯಿತು. ಸಾವಿನ ಮನೆಗಳ ಕಪ್ಪು, ನೀಲಿ ಚಪ್ಪಲಿಗಳಷ್ಟೇ ಬರುತ್ತಿದ್ದವು. ಸುವಾನ್ ಹುಟ್ಟಿದ ದಿನದಿಂದ ಅವಳ ಮದುವೆಯ ಚಪ್ಪಲಿಗೆಂದು ಚಿಮ್ ನಿಯೋ ಆರಿಸಿಟ್ಟಿದ್ದ ಮಣಿಗಳನ್ನು ಬೀ ಟಿನ್ ಬೇರೆ ಬೀದಿಯವಳಿಗೆ ಕೊಟ್ಟು ಹೊಲಿಸಿದಳು.

ಗಂಡನ ಹಾಗೆ ಅವಳನ್ನು 'ತಾಚಿ', ಎಂದರೆ ಅಕ್ಕ, ಎನ್ನುತ್ತಿದ್ದ ಬೀ ಟಿನ್ ಅಂತೂ ದಿನಕ್ಕೊಮ್ಮೆ ಕೇಳುತ್ತಿದ್ದಳು. "ತಾಚಿ, ನಿಜ ಹೇಳಿ, ಯಾರು ಸತ್ರು? ಸತ್ತೋರು ಯಾರು ಅಂತ ಗೊತ್ತಾದ್ರೆ ನಾನೂ ಒಂದು ಹನಿ ಕಣ್ಣೀರು ಹಾಕ್ತೀನಿ." ಇನ್ನೊಂದು ದಿನ, "ಮಗಳ ಮದುವೆ ಹತ್ರ ಬಂತು. ಬೆಳ್ಳಿ ಹಾಕ್ಕೊಂಡು ಮಂಟಪದ ಹತ್ರ ಬಂದ್ರೆ ನಾನು ಸುಮ್ನಿರಲ್ಲ, ಈಗ್ಲೇ ಹೇಳಿದೀನಿ."

ಟೆಕ್ ಲೊಂಗ್ ಗಂಟಲು ಸರಿಮಾಡಿಕೊಂಡು, ಕಾಫಿ ಬಟ್ಟಲನ್ನು ನೋಡುತ್ತ ಕೇಳಿದ. "ತಾಚಿ, ಪಕ್ಕದ ಮನೆಯವರಿಗಾಗಿಯಾ? ನಾನೇನೂ ಅನ್ನಲ್ಲ. ಸುಮ್ನೆ ಕೇಳ್ದೆ." ಅಡುಗೆಯ ಮುದುಕಿ ಕೇಳಿದಳು. ಹಾಲಿನವನೂ ಕೇಳಿದ. ಅಜ್ಜಿ ಬೀದಿಯನ್ನೆಲ್ಲ ಕೇಳಿದಳು, ಅವಳೊಬ್ಬಳನ್ನು ಬಿಟ್ಟು.

ಮದುವೆಗೆ ಕೆಲವೇ ದಿನ ಇದ್ದಾಗ ಅಕ್ಕಿಹಿಟ್ಟಿನ ಉಂಡೆ ಹೊಸೆಯಲು ಆ ಮನೆಗೆ ಹೆಂಗಸರೆಲ್ಲ ಸೇರಿದರು. ಬಿಳಿ, ಗುಲಾಬಿ ಉಂಡೆಗಳನ್ನು ಅಂಗೈಯಲ್ಲಿ ಉರುಟಿ ಬಿದಿರ ತಟ್ಟೆಗೆ ಹಾಕಬೇಕು, ಸಕ್ಕರೆ ಪಾಕಕ್ಕೆ ಬಿಡುವ ಮದುವೆಯ ಉಂಡೆಗಳು. ಅಜ್ಜಿ ಶೋಕದಲ್ಲಿದ್ದದ್ದರಿಂದ ಹೋಗುವಂತಿರಲಿಲ್ಲ, ಮೊಮ್ಮಕ್ಕಳ ಶೋಕ ಮುಗಿದಿದ್ದರಿಂದ ನನ್ನನ್ನು ಕಳಿಸಿದಳು. ಕಿವಿ ತೆರೆದಿಟ್ಟು ಬಾ ಎಂದಳು. ಚಿಮ್ ನಿಯೋ ಹಿಟ್ಟು ಮುಟ್ಟುವಂತಿರಲಿಲ್ಲ. ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತಿದ್ದಳು.

"ನಮ್ಮ ಸುವಾನ್‌ಗೆ ಎಷ್ಟು ದೊಡ್ಡ ಮನಸ್ಸು ಗೊತ್ತಾ?" ಎಂದಳು ಬೀ ಟಿನ್, ಎಲ್ಲರಿಗೂ ಕೇಳಲೆಂದೇ. "ನಿನ್ನೆ ಇವರ ಬೆಳ್ಳಿ ವಿಷಯಕ್ಕೆ ನಾನು ಬಾಯಿ ಮಾಡ್ದೆ. ಅದಕ್ಕೆ ಅವಳಂತಾಳೆ, 'ಬಿಡಮ್ಮ, ಆಕೋ ದುಃಖ ಆಕೋಗೆ. ಮೂರು ವರ್ಷ ಆಗ್ಲಿ, ತಾವೇ ತೆಗೀತಾರೆ. ಯಾರೂ ಏನೂ ಕೇಳ್ಬೇಡಿ' ಅಂತ. ಹುಡುಗಿಗಿರೋ ಬುದ್ಧಿ ಈ ವಯಸ್ಸಲ್ಲಿ ನನಗಿಲ್ಲ ನೋಡಿ."

"ಅತ್ತೆ ಸಾಕಿದ ಮಗು ಅಲ್ವಾ," ಎಂದರು ಯಾರೋ. ಹೆಂಗಸರೆಲ್ಲ ಮೆಚ್ಚಿ ತಲೆದೂಗಿದರು. ಸುವಾನ್ ತಲೆ ಬಗ್ಗಿಸಿ ಉಂಡೆ ಉರುಟುತ್ತಲೇ ಇದ್ದಳು.

ನಾನು ಚಿಮ್ ನಿಯೋಳ ಮುಖ ನೋಡಿದೆ. ಮೆಚ್ಚಿದವರ ಮುಖವಲ್ಲ ಅದು. ಅವಳು ಎಲ್ಲರ ಪ್ರಶ್ನೆಗಳನ್ನೂ ಒಂದೊಂದಾಗಿ ಒರೆಗೆ ಹಚ್ಚಿದ್ದಳು. ಮನೆಯಲ್ಲಿ ಕೇಳದೆ ಉಳಿದವಳು ಸುವಾನ್ ಒಬ್ಬಳೇ ಎಂಬುದನ್ನು ಅಲ್ಲಿಯವರೆಗೂ ನೋಡಿಯೂ ನೋಡಿರಲಿಲ್ಲ. ಅದನ್ನು ಸಂಕೋಚವೆಂದುಕೊಂಡಿದ್ದಳು, ಪ್ರೀತಿಯೆಂದುಕೊಂಡಿದ್ದಳು. ಕೇಳದಿದ್ದದ್ದು ಮಾತ್ರವಲ್ಲ, ಬೇರೆಯವರೂ ಕೇಳಬಾರದು ಎಂದು ಹುಡುಗಿ ಬಯಸುತ್ತಿದ್ದಾಳೆ. ಮೂರು ವರ್ಷ ಈ ಬೆಳ್ಳಿ ಇಲ್ಲೇ ಇರಲಿ ಎಂದು ಬಯಸುತ್ತಿದ್ದಾಳೆ.

"ಸುವಾನ್," ಎಂದಳು ಅವಳು ಎದ್ದು, "ಬಾವಿ ಹತ್ರ ಬಾ. ಕೈ ತೊಳ್ಕೋ."

ಆ ಬಾವಿ ಎರಡೂ ಮನೆಗೆ ಸೇರಿದ್ದು. ನಡುಗೋಡೆ ಬಾವಿಯ ಮೇಲೆಯೇ ಹಾದುಹೋಗುತ್ತದೆ. ಅರ್ಧ ಬಾಯಿ ಅವರಿಗೆ, ಅರ್ಧ ನಮಗೆ. ಅಲ್ಲಿ ಪಿಸುಗುಟ್ಟಿದ್ದು ನೀರಿಗೆ ತಾಗಿ ಇಲ್ಲಿ ಏಳುತ್ತದೆ. ಅಜ್ಜಿಗೆ ಬೇರೇನು ಬೇಕು? ನಾನು ನೆಪ ಹೇಳಿ ಮನೆಗೆ ಓಡಿ ಬರುವಷ್ಟರಲ್ಲಿ ಅವಳು ಕೊಡಪಾನ ಹಿಡಿದು ಬಾವಿಕಟ್ಟೆಗೆ ಒರಗಿ ನಿಂತಿದ್ದಳು. ಹಗ್ಗ ಬಿಡಲು ಹೋದ ನನ್ನ ಕೈಯನ್ನು ಹಿಡಿದು ತಡೆದಳು.

"ಎಲ್ಲಿಟ್ಟಿದೀಯ?" ಎಂದಿತು ಚಿಮ್ ನಿಯೋಳ ದನಿ.

ಆಮೇಲೆ ಮೂಗು ಎಳೆಯುವ ಸದ್ದು.

"ಹಾರ ಮಾಡಿಸೋಕೆ ಕೊಟ್ಟಿದ್ದೆ ಆಕೋ. ಬಿಳಿ ಗೌನಿಗೆ ಆ ದಪ್ಪ ಪಿನ್ನು ಹೊಂದಲ್ಲ. ಹುಡುಗೀರೆಲ್ಲ ನಗ್ತಾರೆ. ಹೇಗಿದ್ರೂ ನನಗೇ ಕೊಡ್ತಿದ್ರಲ್ಲ, ಮೊದ್ಲೇ ಮಾಡಿಸಿಟ್ಕೊಂಡ್ರೆ ಏನಾಯ್ತು ಅಂದ್ಕೊಂಡೆ. ಆ ಅಕ್ಕಸಾಲಿ ಅಂಗಡಿ ಮುಚ್ಕೊಂಡು ಹೋಗ್ಬಿಟ್ಟ. ಸಿಂಗಾಪುರಕ್ಕೆ ಅಂತಾರೆ. ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ."

"ನನಗೆ ಹೇಳ್ಬಹುದಿತ್ತು."

"ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನೀವು ಬೆಳ್ಳಿ ಹಾಕ್ಕೊಂಡ್ರಿ. ನೀವು ಪಕ್ಕದ ಮನೆ ಅಜ್ಜನಿಗೋಸ್ಕರ ಅಳ್ತಿದೀರಿ ಅಂತ ಎಲ್ಲರೂ ಅಂದ್ರು. ಹಾಗಿದ್ರೆ ಪೆಟ್ಟಿಗೆ ತೆಗೆಯಲ್ಲ, ಶೋಕದಲ್ಲಿರೋರ ಚಿನ್ನಾನ ಮದುವೆಗೂ ಯಾರೂ ಕೇಳಲ್ಲ ಅಂದ್ಕೊಂಡೆ. ಮೂರು ವರ್ಷದಲ್ಲಿ ಹೇಗಾದ್ರೂ..."

"ಅಂದ್ರೆ ನನ್ನ ಹೆಸರು ಬೀದೀಲಿ ಕೆಡ್ತಾ ಇದ್ದದ್ದು ನಿನಗೆ ಉಪಕಾರ ಆಯ್ತು."

ಸುವಾನ್ ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ನೀವು ನಿಜವಾಗ್ಲೂ ಅಳ್ತಿರ್ಲಿಲ್ವಾ ಆಕೋ?"

"ಅಳೋಕೂ ಪುರುಸೊತ್ತು ಬೇಕಲ್ಲೇ. ನಾನು ಕಾವಲು ಕಾಯ್ತಿದ್ದೆ. ಮುಖ ತೊಳ್ಕೋ, ಒಳಗೆ ಹೋಗು."

ಅಜ್ಜಿ ನನ್ನ ಕೈ ಬಿಟ್ಟಳು. ಅವಳಿಗೆ ಇನ್ನಾದರೂ ನೆಮ್ಮದಿಯಾಗುತ್ತದೆ ಎಂದು ನಾನಂದುಕೊಂಡೆ. ಅವಳು ಹುಬ್ಬು ಗಂಟಿಕ್ಕಿ ನೀರನ್ನೇ ನೋಡುತ್ತಿದ್ದಳು.

"ಇಲ್ಲ ಅನ್ಲಿಲ್ಲ," ಎಂದಳು. "ಪುರುಸೊತ್ತಿರ್ಲಿಲ್ಲ ಅಂದ್ಲು. ಅಳ್ತಿರ್ಲಿಲ್ಲ ಅಂತ ಎಲ್ಲಂದ್ಲು?"

ಮರುದಿನ ಮಧ್ಯಾಹ್ನ ಚಿಮ್ ನಿಯೋ ನಮ್ಮ ಮನೆಗೆ ಬಂದಳು. ಅಜ್ಜನ ಹೆಣ ಎತ್ತಿದ ದಿನದ ಮೇಲೆ ಅವಳು ನಮ್ಮ ಹೊಸಿಲು ದಾಟಿದ್ದು ಅದೇ ಮೊದಲು. ಅಜ್ಜಿ ಎಲೆಯಡಿಕೆಯ ಪೆಟ್ಟಿಗೆಯನ್ನು ಮುಂದೆ ತಳ್ಳಿದಳು. ಇಬ್ಬರೂ ಎದುರುಬದುರು ಕೂತರು. ಇಬ್ಬರ ಎದೆಯ ಮೇಲೂ ಬೆಳ್ಳಿ, ಇಬ್ಬರದರಲ್ಲೂ ಮುತ್ತು. ಒಬ್ಬಳದು ಕಪ್ಪು ಬಟ್ಟೆ, ಒಬ್ಬಳದು ಕಂದು.

"ಬೀಬಿಕ್, ನಿಮ್ಮ ಚಿನ್ನದ ಪಿನ್ನು ಬೇಕಿತ್ತು. ಹುಡುಗಿ ಮದುವೆಗೆ. ಮುಗಿದ ಮೇಲೆ ನಾನೇ ತಂದುಕೊಡ್ತೀನಿ."

"ನಿನ್ನದೇನಾಯ್ತು?"

"ಇಲ್ಲ."

"ಇಲ್ಲ ಅಂದ್ರೆ?"

"ಬಾವಿ ಹತ್ರ ನಿಂತಿದ್ರಲ್ಲ ಬೀಬಿಕ್. ನಿಮ್ಮ ಕೊಡಪಾನದ ಸದ್ದು ನನಗೆ ಗೊತ್ತಿಲ್ವಾ? ಮತ್ತೆ ನನ್ನ ಬಾಯಿಂದ ಯಾಕೆ ಹೇಳಿಸ್ತೀರಿ?"

ಅಜ್ಜಿಯ ಮುಖ ಕೆಂಪಾಯಿತು. ಅಡಿಕೆ ಕತ್ತರಿಸುವ ಕತ್ತರಿ ಎರಡು ಸಲ ಸುಮ್ಮನೆ ಕಚ್ಚಿತು. "ಶೋಕದ ಮನೆ ಚಿನ್ನ ಮದುವಣಗಿತ್ತಿ ಮೈಮೇಲೆ ಹಾಕ್ತೀಯಾ? ಭಯ ಇಲ್ವಾ ನಿನಗೆ?"

"ಶೋಕ ಹಾಕ್ಕೊಳ್ಳೋರಿಗೆ, ಚಿನ್ನಕ್ಕಲ್ಲ. ಏಳು ಬಗೆ ಹೂ ಹಾಕಿದ ನೀರಲ್ಲಿ ತೊಳೀತೀನಿ."

"ನನ್ನ ಪಿನ್ನಲ್ಲಿ ನವಿಲಿದೆ. ಈ ಊರಲ್ಲಿ ಅದನ್ನ ಗುರುತು ಹಿಡೀದೋರು ಯಾರಿದಾರೆ? ನೋಡಿದ ತಕ್ಷಣ ಇದು ಅವಳದು ಅಂತಾರೆ."

"ಅನ್ಲಿ," ಎಂದಳು ಚಿಮ್ ನಿಯೋ. "ಅದೇ ಬೇಕಾಗಿರೋದು. ಗಂಡನ್ನ ಕಿತ್ಕೊಂಡೋಳ ಮನೆ ಮದುವೆಗೆ ಯಾವ ಹೆಂಗಸು ತನ್ನ ಚಿನ್ನ ಕೊಡ್ತಾಳೆ? ಕೊಟ್ಲು ಅಂದ್ರೆ ಅಲ್ಲಿ ಏನೂ ಇರ್ಲಿಲ್ಲ ಅಂತ ತಾನೇ? ಬೀದಿಯೋರ ಬಾಯಿ ಮುಚ್ಚುತ್ತೆ. ನಿಮ್ಮ ಯಜಮಾನರ ಹೆಸರೂ ಉಳಿಯುತ್ತೆ, ಹುಡುಗಿ ಮದುವೇನೂ ಆಗುತ್ತೆ."

"ಎಲ್ಲಾ ಲೆಕ್ಕ ಹಾಕ್ಕೊಂಡೇ ಬಂದಿದೀಯ."

"ಇಷ್ಟು ದಿನ ಬೇರೇನು ಮಾಡ್ತಿದ್ದೆ ಅಂದ್ಕೊಂಡ್ರಿ?"

ಅಜ್ಜಿ ಎದ್ದು ಒಳಗೆ ಹೋದಳು. ಬೀರು ತೆರೆದು ಮುಚ್ಚಿದ ಸದ್ದಾಯಿತು, ಮತ್ತೆ ತೆರೆದ ಸದ್ದು. ಕೊನೆಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಡಬ್ಬಿ ತಂದಳು. ಕೊಡುವಂತೆ ಕೈ ಚಾಚಿದವಳು ಪೂರ್ತಿ ಕೊಡಲಿಲ್ಲ.

"ಬೀ ಟಿನ್‌ಗೆ ಏನು ಹೇಳ್ತೀಯ?"

"ನನ್ನದರ ಕೊಕ್ಕೆ ಮುರಿದಿದೆ, ನೀವು ಪ್ರೀತಿಯಿಂದ ಕೊಟ್ರಿ ಅಂತ."

"ಪ್ರೀತಿಯಿಂದ!" ಎಂದು ಅಜ್ಜಿ ಮೂಗು ಮುರಿದಳು. "ಆ ದಿನ ಇದನ್ನೆಲ್ಲಾ ತೆಗೀತೀಯೋ ಇಲ್ವೋ?"

"ತೆಗೀತೀನಿ. ತೆಗೀದೆ ಇದ್ರೆ ಒಳಗೆ ಬಿಡ್ತಾರಾ?"

"ಮತ್ತೆ ಅಂಗಿಗೆ ಏನು ಚುಚ್ಕೋತೀಯ? ಚಿನ್ನ ಇಲ್ಲ, ಬೆಳ್ಳಿ ಸಲ್ಲ."

"ಸೇಫ್ಟಿ ಪಿನ್ನು. ಮೇಲೆ ಶಾಲು ಹೊದ್ಕೋತೀನಿ."

ಅಜ್ಜಿಗೆ ನಗು ಬಂದುಬಿಟ್ಟಿತು. ತಡೆದುಕೊಂಡಳು. ಡಬ್ಬಿ ಕೈ ಬದಲಾಯಿತು. ಚಿಮ್ ನಿಯೋ ಅದನ್ನು ಶಾಲಿನೊಳಗೆ ಸೇರಿಸಿ ಬಾಗಿಲ ಕಡೆ ನಡೆದಳು. ನಾನು ಹೊಸಿಲಲ್ಲಿ ದಾರಿ ಬಿಟ್ಟು ನಿಂತೆ. ಹತ್ತಿರದಿಂದ ನೋಡಿದಾಗ ರೆಕ್ಕೆಯ ತುದಿಯ ಆ ಬಿಳಿ ಮಣಿ ಮುತ್ತುಗಳಿಗಿಂತ ಹೆಚ್ಚು ಹೊಳೆಯುತ್ತಿತ್ತು.

"ಚಿಮ್," ಎಂದು ಕರೆದಳು ಅಜ್ಜಿ ಹಿಂದಿನಿಂದ. ದನಿ ತಗ್ಗಿಸಿದ್ದಳು. ಅವಳು ಹಾಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಒಂದು ಮಾತು ಹೇಳಿ ಹೋಗು. ಅವರಿಗೋಸ್ಕರ ಒಂದು ದಿನ ಆದ್ರೂ ಹಾಕ್ಕೊಂಡಿದ್ಯಾ ಅದನ್ನ?"

ಚಿಮ್ ನಿಯೋ ತಿರುಗಲಿಲ್ಲ. "ಒಂದು ದಿನ ಹ್ಞೂಂ. ಹೆಣ ಎತ್ತಿದ ದಿನ, ಎಲ್ಲರ ಹಾಗೆ."

"ಎಲ್ಲರ ಹಾಗೇನಾ?"

"ಅದನ್ನ ಬಿಡಿ ಬೀಬಿಕ್, ಅದು ಹಳೇದು." ಅವಳು ಮೆಟ್ಟಿಲಿಳಿದಿದ್ದಳು. ಕಂಬಗಳ ಸಾಲಿನ ನೆರಳಿನಲ್ಲಿ ತನ್ನ ಮನೆಯ ಕಡೆ ನಡೆಯುತ್ತಲೇ ಮಾತಾಡುತ್ತಿದ್ದಳು, ನಮಗೋ ಶಾಲಿನೊಳಗಿನ ಡಬ್ಬಿಗೋ ತಿಳಿಯಲಿಲ್ಲ. "ನಿನ್ನೆಯಿಂದ ಯಾರಿಗೋಸ್ಕರ ಹಾಕ್ಕೊಂಡಿದೀನಿ ಅಂತ ಕೇಳಿ, ಹೇಳ್ತೀನಿ. ಸುವಾನ್ ಕೂಸಾಗಿದ್ದಾಗ ನನ್ನ ಎದೆ ಮೇಲಿನ ಚಿನ್ನದ ಪಿನ್ನು ಹಿಡ್ಕೊಂಡೇ ನಿದ್ದೆ ಮಾಡ್ತಿದ್ಲು, ಬೆರಳು ಬಿಡಿಸೋಕೆ ಹೋದ್ರೆ ಕಣ್ಣು ಬಿಟ್ಟು ನನ್ನನ್ನೇ ನೋಡಿ ನಗ್ತಿದ್ಲು. ನಿನ್ನೆಯಿಂದ ಈ ಬೆಳ್ಳಿ ಆ ಕೂಸಿಗೋಸ್ಕರ."